ಕುರ್ಚಿಯ ಸುತ್ತ ಹನ್ನೊಂದು ಕುಂಡ

ಫೆಬ್ರವರಿ 3

ನಾದಿನಿಗೆ,

ಒಂಬತ್ತು ವರ್ಷದ ಮೇಲೆ ಅತ್ತಿಗೆಯ ಪತ್ರ ಬಂದರೆ ಯಾರ ಎದೆಯಾದರೂ ಧಸಕ್ಕೆನ್ನುತ್ತದೆ. ಯಾರೂ ಸತ್ತಿಲ್ಲ. ಮೊದಲು ಅದನ್ನು ಓದಿಕೊಂಡು ಉಸಿರು ಬಿಡು, ಆಮೇಲೆ ಮುಂದೆ ಓದು.

ನಿಮ್ಮಣ್ಣನಿಗೆ ಹುಷಾರಿಲ್ಲ. ಶ್ವಾಸಕೋಶ ಒಳಗಿಂದಲೇ ಗಟ್ಟಿಯಾಗುತ್ತಾ ಬಂದಿದೆಯಂತೆ. ಔಷಧಿಯಿಂದ ಅದನ್ನು ನಿಧಾನ ಮಾಡಬಹುದೇ ಹೊರತು ನಿಲ್ಲಿಸುವ ಹಾಗಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಹೋದ ವರ್ಷವೇ ಶಾಲೆಯ ವ್ಯಾನು ಓಡಿಸುವುದನ್ನು ಬಿಟ್ಟರು. ಈ ಮಳೆಗಾಲ ನೋಡುತ್ತಾರೋ ಇಲ್ಲವೋ, ನನಗಂತೂ ಧೈರ್ಯವಿಲ್ಲ.

ಒಳಗೆ ಮಲಗಿದರೆ ಇವರಿಗೆ ಎದೆ ಕಟ್ಟುತ್ತದೆ. ಹಿಂಬಾಗಿಲಾಚೆ ಕಲ್ಲು ಹಾಸಿದ ಹತ್ತಡಿ ಜಾಗವಿದೆ. ನಾಲ್ಕು ಗಂಟೆಗೆ ಅಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಮುಖಕ್ಕೆ ಒಂದಿಷ್ಟು ಕಳೆ ಬರುತ್ತದೆ. ಆದರೆ ಗೋಡೆಯಾಚೆ ಮೋರಿ. ಐದೂವರೆಗೆ ಸೊಳ್ಳೆ, ನೊರಜು ಎಲ್ಲ ಕರೆದ ಹಾಗೆ ಬರುತ್ತವೆ. ಸೊಳ್ಳೆ ಬತ್ತಿಯ ಹೊಗೆ ಕೂಡದು, ಸ್ಪ್ರೇ ಕೂಡದು, ಮೈಗೆ ಹಚ್ಚುವ ಮುಲಾಮಿನ ಘಾಟಿಗೂ ಕೆಮ್ಮು ಬರುತ್ತದೆ. ಸೊಳ್ಳೆ ಪರದೆ ಕಟ್ಟಿದೆ. ಐದೇ ನಿಮಿಷ. "ಬಲೆಗೆ ಬಿದ್ದ ಮೀನಿನ ಹಾಗಾಗತ್ತೆ ಕಣೆ, ತೆಗೆದುಬಿಡು" ಎಂದರು. ಹೀಗಾಗಿ ಇಡೀ ದಿನದಲ್ಲಿ ಅವರಿಗೆ ಇಷ್ಟವಾದ ಒಂದೇ ಹೊತ್ತಿನಲ್ಲಿ ನಾನು ಎಬ್ಬಿಸಿ ಒಳಗೆ ಕರೆತರಬೇಕು.

ಕೆಲವು ಗಿಡಗಳನ್ನು ಸುತ್ತ ಇಟ್ಟರೆ ಹುಳುಹುಪ್ಪಟೆ ಹತ್ತಿರ ಬರುವುದಿಲ್ಲ ಎಂದು ಎದುರು ಮನೆಯಾಕೆ ಹೇಳಿದಳು. ಇಲ್ಲಿನ ನರ್ಸರಿಗೆ ಹೋದೆ. ಎಲೆ ಮೂಸಿದೆ. ಬೆಳಿಗ್ಗೆಯಷ್ಟೇ ಹುಳದ ಔಷಧಿ ಹೊಡೆದಿದ್ದರು. ಆ ವಾಸನೆಯನ್ನು ನನಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಬರಿಗೈಯಲ್ಲಿ ಬಂದೆ.

ನೀನೂ ನರ್ಸರಿ ನಡೆಸುವವಳು, ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ. ಯಾವ ಗಿಡ, ಎಷ್ಟು, ಹೇಗೆ ಇಡಬೇಕು ಎಂದು ತಿಳಿಸು. ಔಷಧಿ ಮುಟ್ಟಿಸದ ಗಿಡ ಎಲ್ಲಾದರೂ ಸಿಗುತ್ತದೆಯೇ ಹೇಳು. ನೀನು ಬರಲೆಂದು ಬರೆದದ್ದಲ್ಲ ಇದು. ಬರೆದದ್ದು ಇವರಿಗೆ ಗೊತ್ತೂ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಫೋನಿನ ಮಾತು ಮುಚ್ಚಿಡಲು ಆಗುವುದಿಲ್ಲ, ಅದಕ್ಕೇ ಅಳತೆ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಉತ್ತರವನ್ನು ನನ್ನ ಹೊಲಿಗೆ ಅಂಗಡಿಗೇ ಹಾಕು.

ಇಷ್ಟೇ ವಿಷಯ.
ಅತ್ತಿಗೆ


ಫೆಬ್ರವರಿ 9

ಅತ್ತಿಗೆಗೆ ನಮಸ್ಕಾರ.

ಪತ್ರ ಸಿಕ್ಕಿತು. ತರಕಾರಿ ವ್ಯಾನಿನಲ್ಲಿ ಹನ್ನೊಂದು ಕುಂಡ ಕಳಿಸಿದ್ದೇನೆ. ಮೂರು ನಿಂಬೆ ಹುಲ್ಲು, ಎರಡು ಪುದೀನ, ಎರಡು ಕಾಮಕಸ್ತೂರಿ, ಒಂದು ರೋಸ್‌ಮರಿ, ಮೂರು ಚೆಂಡುಹೂ. ಚೆಂಡುಹೂ ಇನ್ನೂ ಸಸಿ, ಮೊಗ್ಗು ಬರಲು ಎರಡು ತಿಂಗಳು ಬೇಕು.

ನಿಂಬೆ ಹುಲ್ಲಿಗೆ ಬಿಸಿಲು ಬೇಕು. ಪುದೀನಕ್ಕೆ ನೆರಳಾದರೂ ನಡೆಯುತ್ತದೆ, ಆದರೆ ಅದನ್ನು ಬೇರೆ ಗಿಡದ ಜೊತೆ ಒಂದೇ ಕುಂಡದಲ್ಲಿ ಇಡಬೇಡಿ, ಜಾಗವನ್ನೆಲ್ಲ ನುಂಗಿಬಿಡುತ್ತದೆ. ಕಾಮಕಸ್ತೂರಿಯ ಹೂವಿನ ತೆನೆ ಬಂದ ಹಾಗೆ ಚಿವುಟಿ. ರೋಸ್‌ಮರಿಗೆ ನೀರು ಕಡಿಮೆ, ಮಣ್ಣು ಒಣಗಿದ ಮೇಲಷ್ಟೇ. ಕುಂಡದ ಕೆಳಗೆ ತಟ್ಟೆ ಮಾತ್ರ ಖಂಡಿತ ಇಡಬೇಡಿ. ಚೆನ್ನಾಗಿ ಕಾಣುತ್ತದೆ ಅಂತ ಎಲ್ಲರೂ ಇಡುತ್ತಾರೆ. ತಟ್ಟೆಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ, ಆಮೇಲೆ ಗಿಡದವಳನ್ನು ಬೈಯುತ್ತಾರೆ. ಗೋಡೆಯ ಬುಡದಲ್ಲಿ ಒಡೆದ ಬಕೆಟ್ಟು, ಡಬ್ಬ ಏನಾದರೂ ಇದ್ದರೆ ಬೋರಲು ಹಾಕಿ. ಮಲ್ಲಿಗೆ ಕೇಳಿದರೂ ಕಳಿಸುವುದಿಲ್ಲ, ಅದರ ವಾಸನೆ ಉಸಿರಿನ ತೊಂದರೆ ಇರುವವರಿಗೆ ಆಗುವುದಿಲ್ಲ.

ಎಲೆಗಳಲ್ಲಿ ತೂತು ಕಾಣಿಸಿದರೆ ಗಾಬರಿಯಾಗಬೇಡಿ. ಹುಳ ತಿಂದದ್ದು. ಈ ಗಿಡಗಳಿಗೆ ಔಷಧಿ ಮುಟ್ಟಿಸಿಲ್ಲ.

ಅವನಿಗೆ ಊಟ ಸೇರುತ್ತದೆಯೇ? ರಾತ್ರಿ ನಿದ್ದೆ ಬರುತ್ತದೆಯೇ? ಬರೆಯಬೇಕೆನಿಸಿದರೆ ಬರೆಯಿರಿ.

ನಿಮ್ಮ ನಾದಿನಿ


ಫೆಬ್ರವರಿ 21

ನಾದಿನಿಗೆ,

ಗುಟ್ಟು ಅರ್ಧ ಗಂಟೆಯೂ ಉಳಿಯಲಿಲ್ಲ. ಕುಂಡಗಳಿಗೆ ಸುತ್ತಿದ್ದ ಗೋಣಿಚೀಲ ಬಿಚ್ಚುತ್ತಿದ್ದೆ. ಇವರು ಕುರ್ಚಿಯಿಂದಲೇ ನೋಡುತ್ತಿದ್ದರು.

"ಎಲ್ಲಿಂದ ತಂದೆ?"

"ಅಂಗಡಿಯಿಂದ."

"ಅಂಗಡಿಯವನಿಗೆ ಆ ಗಂಟು ಹಾಕೋಕೆ ಬರಲ್ಲ. ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳೋ ಹಾಗೆ ಹಾಕೋದನ್ನ ನಾನು ಒಬ್ಬಳಿಗೆ ಮಾತ್ರ ಹೇಳಿಕೊಟ್ಟಿದ್ದು."

ಅವರು ಒಂದು ಎಲೆ ಕೇಳಿದರು. ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು, ಬೆಳಕಿಗೆ ಹಿಡಿದರು. "ಜೋರಮ್ಮನ ನರ್ಸರಿಯಿಂದ ತೂತಿನ ಎಲೆ! ಪ್ರಪಂಚ ಮುಗಿಯೋ ಕಾಲ ಬಂತು" ಎಂದು ನಿನ್ನ ಹಳೆಯ ಅಡ್ಡಹೆಸರು ಹಿಡಿದು ನಕ್ಕರು. ನಗು ಕೆಮ್ಮಾಯಿತು. ಬೆನ್ನು ನೀವುತ್ತಾ ಹತ್ತು ನಿಮಿಷ ನಿಂತಿದ್ದೆ. ಆ ಎಲೆಯನ್ನು ಮಾತ್ರ ಅವರು ಕೈಬಿಡಲಿಲ್ಲ.

ನಾನು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು, ಇನ್ನು ಹೇಳಿಬಿಡುತ್ತೇನೆ. ಮೊದಲ ಸಲ ದೊಡ್ಡಾಸ್ಪತ್ರೆಗೆ ಹೋದಾಗ ಡಾಕ್ಟರು ಕೇಳಿದರು, "ಏನು ಕೆಲಸ ಮಾಡ್ತಿದ್ರಿ?" ವ್ಯಾನು ಡ್ರೈವರು ಎಂದೆ. "ಅದಕ್ಕೂ ಮುಂಚೆ?" ನರ್ಸರಿಯಲ್ಲಿ, ಔಷಧಿ ಡಬ್ಬ ಬೆನ್ನಿಗೆ ಕಟ್ಟಿಕೊಂಡು ಗಿಡಗಳಿಗೆ ಹೊಡೆಯುತ್ತಿದ್ದರು ಎಂದೆ. ಎಷ್ಟು ವರ್ಷ ಎಂದು ಕೇಳಿದರು. ಹನ್ನೆರಡು ಎಂದೆ. ಅವರು ಕಾಗದದ ಮೇಲೆ ಅದನ್ನು ಬರೆದು, ಕೆಳಗೆ ಗೆರೆ ಎಳೆದರು. ಅದೇ ಕಾರಣವೆಂದು ಬಾಯಿಬಿಟ್ಟು ಹೇಳಲಿಲ್ಲ. ಗೆರೆ ಎಳೆದದ್ದನ್ನು ನಾನು ನೋಡಿದೆ, ಇವರೂ ನೋಡಿದರು.

ಗಿಡಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಇಟ್ಟಿದ್ದೇನೆ. ಅಂದವಾಗಿ ಕಾಣುತ್ತದೆ. ಸೊಳ್ಳೆಗಳಿಗೂ ಅಂದವಾಗಿಯೇ ಕಂಡಿರಬೇಕು, ಒಂದೂ ಕಡಿಮೆಯಾಗಿಲ್ಲ. ನಿನ್ನೆ ಕಾಲ್ಬೆರಳಿಂದ ಮೊಣಕಾಲಿನವರೆಗೆ ಕಚ್ಚಿದ ಗುರುತು ಎಣಿಸಿದೆ. ಕೆರೆದುಕೊಳ್ಳಲು ಬಗ್ಗಿದರೂ ಅವರಿಗೆ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಏನು ತಪ್ಪು ಮಾಡಿದ್ದೇನೆ ಹೇಳು.

ಅತ್ತಿಗೆ


ಮಾರ್ಚ್ 2

ಅತ್ತಿಗೆ,

ತಪ್ಪು ನಿಮ್ಮದಲ್ಲ. ಹೇಳದೆ ಬಿಟ್ಟವಳು ನಾನು. ಈ ಗಿಡ ಇಟ್ಟರೆ ಸೊಳ್ಳೆ ಬರುವುದಿಲ್ಲ ಎಂದು ದಿನಕ್ಕೆ ಹತ್ತು ಜನರಿಗೆ ಹೇಳಿ ಮಾರುತ್ತೇನೆ. ಅದು ಅರ್ಧ ಸುಳ್ಳು. ಗಿಡ ಸುಮ್ಮನೆ ನಿಂತಿದ್ದರೆ ಏನೂ ಮಾಡುವುದಿಲ್ಲ. ವಾಸನೆಯ ಎಣ್ಣೆ ಎಲೆಯ ಒಳಗಿರುತ್ತದೆ. ಎಲೆ ಮುರಿಯಬೇಕು, ಹಿಸುಕಬೇಕು, ಆಗ ಹೊರಗೆ ಬರುತ್ತದೆ. ಅಣ್ಣನಿಗೆ ಇದು ಗೊತ್ತು, ಅವನಿದ್ದಾನಲ್ಲ ಎಂದು ನಾನು ಬರೆಯಲಿಲ್ಲ. ಅವನು ನಿಮಗೆ ಯಾಕೆ ಹೇಳಲಿಲ್ಲವೋ.

ಗೋಡೆಯ ಹತ್ತಿರದಿಂದ ತೆಗೆದು ಕುರ್ಚಿಯ ಸುತ್ತ ಇಡಿ, ಮೊಣಕೈ ತಾಗುವಷ್ಟು ಹತ್ತಿರ. ನಿಂಬೆ ಹುಲ್ಲು ಕಾಲ ಬಳಿ ಇರಲಿ. ಐದು ಗಂಟೆಗೆ ಒಂದು ಹಿಡಿ ಎಲೆ ಕಿತ್ತು, ಕೈಯಲ್ಲಿ ಉಜ್ಜಿ ಅವನ ಕಾಲು, ಮಣಿಕಟ್ಟಿಗೆ ಸವರಿ. ಮೊದಲ ದಿನ ಒಂದು ಬೆರಳಿನಷ್ಟು ಜಾಗಕ್ಕೆ ಮಾತ್ರ ಹಚ್ಚಿ ನೋಡಿ. ಚರ್ಮ ಕೆಂಪಾಗದಿದ್ದರೆ, ಕೆಮ್ಮು ಬರದಿದ್ದರೆ ಮುಂದುವರಿಸಿ. ಅರ್ಧ ಗಂಟೆಗೊಮ್ಮೆ ಮತ್ತೆ ಸವರಬೇಕು. ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಅವನಿಗೆ ಒಂದು ಗಂಟೆ ಹೆಚ್ಚು ಹೊರಗೆ ಕೂರಲು ಸಿಕ್ಕಿದರೂ ಸಾಕು.

ಇನ್ನು, ಡಾಕ್ಟರು ಗೆರೆ ಎಳೆದದ್ದು.

ಅವನು ನರ್ಸರಿ ಬಿಟ್ಟ ಆ ದಿನ ನೀವು ಅಲ್ಲಿರಲಿಲ್ಲ. ಬೆಳಿಗ್ಗೆ ಅವನು ಬಂದು, "ಇವತ್ತು ಔಷಧಿ ಹೊಡೆಯೋಕಾಗಲ್ಲ, ವಾರದಿಂದ ಕೆಮ್ಮು" ಎಂದ. ಮರುದಿನ ಹೋಟೆಲಿನವರಿಗೆ ಮುನ್ನೂರು ಗಿಡ ಕೊಡಬೇಕಿತ್ತು. ಒಂದೇ ಒಂದು ಎಲೆಯಲ್ಲಿ ತೂತಿದ್ದರೂ ವಾಪಸ್ಸು ಕಳಿಸುವ ಜನ ಅವರು. ಕೆಲಸದವರೆಲ್ಲ ನೋಡುತ್ತಿದ್ದರು. ನಾನು ಹೇಳಿದೆ, "ನಿನ್ನ ಕೆಮ್ಮು ನನಗೆ ಗೊತ್ತಿಲ್ವಾ? ಕೆಲಸ ತಪ್ಪಿಸೋಕೆ ಒಂದು ನೆಪ." ಡಬ್ಬ ಬೆನ್ನಿಗೇರಿಸಿ ಮುನ್ನೂರು ಗಿಡಕ್ಕೂ ಔಷಧಿ ಹೊಡೆದ. ಸಂಜೆ ಡಬ್ಬ ತೊಳೆದು, ಬೋರಲು ಹಾಕಿ, ಹೋದವನು ಮತ್ತೆ ಬರಲಿಲ್ಲ. ನಾವಿಬ್ಬರೂ ಜಗಳವಾಡಿದೆವು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಜಗಳವಾಡಲು ಅವನು ಬಾಯಿ ತೆರೆದಿದ್ದರೆ ತಾನೇ?

ಎರಡು ವರ್ಷವಾದ ಮೇಲೆ ನಾನು ಔಷಧಿ ನಿಲ್ಲಿಸಿದೆ. ಗಿರಾಕಿಗಳು ಅರ್ಧಕ್ಕರ್ಧ ಹೋದರು, ಹೋಗಲಿ. ಅವನಿಗೆ ಮಾತ್ರ ಹೇಳಿ ಕಳಿಸಲಿಲ್ಲ. ಹೇಳಿದರೆ ಅವತ್ತಿನ ಮಾತು ತಪ್ಪು ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ನನ್ನ ಜಂಬ ಅಷ್ಟಿತ್ತು.

ಬನ್ನಿ ಎಂದು ನೀವು ಕರೆದಿಲ್ಲ. ಕರೆದರೂ ಯಾವ ಮುಖ ಇಟ್ಟುಕೊಂಡು ಬರಲಿ?

ನಾದಿನಿ


ಮಾರ್ಚ್ 17

ನಾದಿನಿಗೆ,

ಕುಂಡಗಳನ್ನು ಕುರ್ಚಿಯ ಸುತ್ತ ಜೋಡಿಸಿದೆ. "ಎಲೆ ಉಜ್ಜಬೇಕಂತಲ್ಲ, ನಿಮಗೆ ಗೊತ್ತಿದ್ದೂ ಯಾಕೆ ಬಾಯಿಬಿಡಲಿಲ್ಲ?" ಎಂದು ದಬಾಯಿಸಿದೆ. "ಕೇಳಿ ಅವಳಿಗೆ ಇನ್ನೊಂದು ಕಾಗದ ಹಾಕ್ತೀಯಲ್ಲ, ಅದಕ್ಕೆ" ಎಂದರು. ಮೂರು ವಾರ ಸೊಳ್ಳೆಯ ಕೈಯಲ್ಲಿ ಕಚ್ಚಿಸಿಕೊಂಡು ಕೂತಿದ್ದಾರೆ, ನನ್ನಿಂದ ನಿನಗೆ ಒಂದು ಪತ್ರ ಹೆಚ್ಚು ಬರೆಸಲು! ಅಣ್ಣತಂಗಿ ಇಬ್ಬರದೂ ಒಂದೇ ಅಚ್ಚು.

ಈಗ ಆರೂವರೆಯವರೆಗೆ ಹೊರಗೆ ಕೂರುತ್ತಾರೆ. ಪೂರ್ತಿ ನಿಂತಿಲ್ಲ, ನೀನು ಬರೆದ ಹಾಗೆಯೇ. ಕೈಗೆ ಸಿಗುವ ಎಲೆಗಳನ್ನು ಅವರೇ ಹಿಸುಕುತ್ತಾರೆ. ಬಗ್ಗಲಾಗದ್ದರಿಂದ ಕಾಲಿಗೆ ನಾನು ಸವರುತ್ತೇನೆ. ಆದರೆ ಆ ಹೊತ್ತಿಗೇ ನನ್ನ ಅಂಗಡಿಗೆ ಜನ ಬರುವುದು. ಯುಗಾದಿ ಹೊಲಿಗೆಯ ಕಾಲ ಬೇರೆ. ಒಂದು ಕಾಲು ಅಂಗಡಿಯಲ್ಲಿ, ಒಂದು ಕಾಲು ಮನೆಯಲ್ಲಿ. ಮೊನ್ನೆ ಯಾವುದೋ ಹುಡುಗಿಯ ಲಂಗಕ್ಕೆ ಎರಡು ಕಡೆಯೂ ಜೇಬು ಇಡದೆ ಹೊಲಿದುಬಿಟ್ಟೆ.

ಆಕ್ಸಿಜನ್ ಯಂತ್ರ ಬಾಡಿಗೆಗೆ ಬಂದಿದೆ, ಮೂಗಿಗೆ ಕೊಳವೆ. ಮಲಗುವಾಗ ಮಾತ್ರ ಹಾಕುತ್ತಿದ್ದದ್ದು ಈಗ ಹಗಲೂ ಬೇಕು. ಬಾಗಿಲಿನವರೆಗೆ ಏಳು ಹೆಜ್ಜೆ. ನಡುವೆ ಒಂದು ಸಲ ಗೋಡೆ ಹಿಡಿದು ನಿಲ್ಲುತ್ತಾರೆ, ಕ್ಯಾಲೆಂಡರ್ ನೋಡುತ್ತಿರುವವರ ಹಾಗೆ ನಟಿಸುತ್ತಾರೆ. ನಾನೂ ನೋಡದವಳ ಹಾಗೆ ಇರುತ್ತೇನೆ.

ನೀನು ಬರೆದದ್ದನ್ನು ಅವರಿಗೆ ಓದಿ ಹೇಳಲಿಲ್ಲ. ನನ್ನ ಟೇಪು, ಕತ್ತರಿ ಇಡುವ ಡಬ್ಬಿಯಲ್ಲಿ ಹಾಕಿದ್ದೆ. ಮಾರನೆಯ ದಿನ ಅದರ ಮಡಿಕೆ ಬೇರೆ ಥರ ಇತ್ತು. ಓದಿಕೊಂಡಿದ್ದಾರೆ.

ಮೊದಲ ಪತ್ರದಲ್ಲಿ, ನೀನು ಬರಲೆಂದು ಬರೆದದ್ದಲ್ಲ ಎಂದಿದ್ದೆ. ಆಗ ಅದು ನಿಜವಾಗಿತ್ತು. ಈಗ ಬಾ ಎನ್ನುತ್ತಿದ್ದೇನೆ. ನಿನ್ನ ಮೇಲಿನ ಪ್ರೀತಿಗಲ್ಲ. ದಿನಾ ಸಂಜೆ ತರಕಾರಿ ವ್ಯಾನಿನ ಸದ್ದಾದರೆ ಅವರು ಕತ್ತು ಎತ್ತುತ್ತಾರೆ. ಅದನ್ನು ನನಗೆ ನೋಡಲಾಗುವುದಿಲ್ಲ.

ಅತ್ತಿಗೆ


ಮಾರ್ಚ್ 26

ಅತ್ತಿಗೆ,

ಇನ್ನೆರಡು ನಿಂಬೆ ಹುಲ್ಲಿನ ಕುಂಡ ಕಳಿಸುತ್ತಿದ್ದೇನೆ, ದಿನಾ ಕಿತ್ತರೆ ಮೊದಲಿನವು ಸೋಲುತ್ತವೆ. ಎಲೆ ಕೀಳುವಾಗ ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ.

ಬರುತ್ತೇನೆ. ಚೆಂಡುಹೂವಿನ ಹಳೆಯ ಪಾತಿ ಮೊಗ್ಗಿಗೆ ಬಂದಿದೆ. ಅರಳಿದ ಮೇಲೆ ಒಟ್ಟಿಗೆ ತೆಗೆದುಕೊಂಡು ಬರುತ್ತೇನೆ. ಈಗ ಬಿಟ್ಟು ಬಂದರೆ ನೀರು ಹಾಕುವವರಿಲ್ಲ. ಕೆಲಸದವಳೂ ರಜೆ.

ಇಲ್ಲ. ಮೇಲಿನ ನಾಲ್ಕು ಸಾಲನ್ನು ಹೊಡೆದುಹಾಕಬೇಕೆಂದಿದ್ದೆ, ಇರಲಿ ಬಿಡಿ. ನೀರು ಹಾಕಲು ಪಕ್ಕದವರಿದ್ದಾರೆ. ನನಗೆ ಭಯ ಅತ್ತಿಗೆ. ಅವನ ಉಸಿರಿನ ಸದ್ದು ಕೇಳಿಸಿಕೊಂಡು ಎದುರಿಗೆ ಕೂರುವ ತಾಕತ್ತು ನನಗಿಲ್ಲ. ಪ್ರತಿ ಕೆಮ್ಮಿಗೂ ನಾನು ಆಡಿದ ಮಾತೇ ಕೇಳಿಸುತ್ತದೆ. ಅವನು ಬೈದರೂ ತಡೆದುಕೊಳ್ಳಬಹುದು. ಬೈಯದಿದ್ದರೆ ಏನು ಮಾಡಲಿ?

ನಾದಿನಿ


ಏಪ್ರಿಲ್ 5

ಜೋರಮ್ಮಾ,

ಕೈ ನಡುಗುತ್ತದೆ. ಅಕ್ಷರಕ್ಕೆ ನಗಬೇಡ. ನಿನ್ನ ಅಕ್ಷರಕ್ಕೆ ಮೇಷ್ಟರು ಏನನ್ನುತ್ತಿದ್ದರು ಎಂದು ನನಗೆ ನೆನಪಿದೆ.

ಒಂದು ಸತ್ಯ ಹೇಳಬೇಕು. ನಿಮ್ಮ ಅತ್ತಿಗೆಗೂ ತಡವಾಗಿ ಗೊತ್ತಾಯಿತು. ನಾನು ಬೀಡಿ ಸೇದುತ್ತಿದ್ದೆ. ಹದಿನೆಂಟನೇ ವಯಸ್ಸಿನಿಂದ. ಗೊಬ್ಬರದ ಕೋಣೆಯ ಹಿಂದೆ ನಿಂತು, ಕದ್ದು. ದಿನಕ್ಕೆ ಒಂದು ಕಟ್ಟು. ವ್ಯಾನು ಓಡಿಸುವಾಗಲೂ, ಮಕ್ಕಳನ್ನು ಇಳಿಸಿದ ಮೇಲೆ. ಡಾಕ್ಟರಿಗೆ ಎಲ್ಲ ಹೇಳಿದೆ. ಬೀಡಿಯಿಂದಲೇ ಹೀಗಾಗಿದ್ದು ಎಂದರು. ಔಷಧಿ ಹೊಡೆದದ್ದಕ್ಕೂ ಇದಕ್ಕೂ ಸಂಬಂಧವಿಲ್ಲವಂತೆ. ಬೇಕಿದ್ದರೆ ಬಂದು ಅವರನ್ನೇ ಕೇಳು.

ಆದ್ದರಿಂದ ಇನ್ನು ನಿನ್ನ ನಾಟಕ ಸಾಕು. ಆವತ್ತು ನೀನು ಹೇಳಿದ್ದು ನೆಪ ಅಂತ ತಾನೇ? ಅರ್ಧ ನಿಜ. ಮುನ್ನೂರು ಗಿಡ ಎಂದರೆ ಯಾರಿಗೆ ಬೇಸರವಾಗುವುದಿಲ್ಲ?

ನಿಮ್ಮ ಅತ್ತಿಗೆ ನನ್ನ ಕಾಲಿಗೆ ಎಲೆ ತಿಕ್ಕಿ ಅಂಗಡಿಗೆ ಓಡುತ್ತಾಳೆ. ಅವಳಿಗೆ ಎರಡು ಕೈ ಸಾಲದು. ನಿನಗೆ ಬಾಯಿಯ ಜೊತೆ ಕೈಯೂ ಇದೆ.

ಚೆಂಡುಹೂ ಅರಳಲು ಕಾಯಬೇಡ. ನನಗೆ ಹೂವಿನ ಕೆಲಸವಿಲ್ಲ.

ಅಣ್ಣ


ಏಪ್ರಿಲ್ 9

ಅಣ್ಣಾ,

ಬೀಡಿಯ ವಿಷಯ ಓದಿದೆ. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಹತ್ತು ದಿನದ ಬಟ್ಟೆ ತರುತ್ತೇನೆ, ಜಾಗ ಮಾಡಲು ಅತ್ತಿಗೆಗೆ ಹೇಳು. ಅಲ್ಲಿಯವರೆಗೆ ಹೆಚ್ಚು ಮಾತಾಡಬೇಡ, ಉಸಿರು ಉಳಿಸಿಕೊಂಡಿರು.

ನಿನ್ನ ತಂಗಿ


ಮೇ 24

ಅತ್ತಿಗೆ,

ನಿಮ್ಮ ಮನೆಯಿಂದ ಬಂದು ವಾರವಾಯಿತು. ಹತ್ತು ದಿನಕ್ಕೆಂದು ಬಂದವಳು ಐದು ವಾರ ಇದ್ದೆ. ಅಣ್ಣ ತೀರಿಕೊಂಡು ಕಾರ್ಯ ಮುಗಿದ ಮೇಲೆ ನಾವಿಬ್ಬರೂ ಎದುರುಬದುರು ಕೂತು ಪಾತ್ರೆ ಒರೆಸಿದೆವು, ಯಂತ್ರ ವಾಪಸ್ಸು ಕೊಟ್ಟು ಬಂದೆವು, ಬಟ್ಟೆ ಮಡಚಿದೆವು. ಆಡಬೇಕಾದ ಮಾತು ಮಾತ್ರ ಆಡಲಿಲ್ಲ. ಎದುರಿಗೆ ನನ್ನ ನಾಲಿಗೆ ಹೊರಳುವುದಿಲ್ಲ. ನಿಮ್ಮಿಂದ ಕಲಿತ ಹಾಗೆ ಕಾಗದದಲ್ಲೇ ಬರೆಯುತ್ತೇನೆ.

ಅವನು ಬೀಡಿ ಸೇದುತ್ತಿರಲಿಲ್ಲ. ನಿಮಗೂ ಗೊತ್ತು, ನನಗೂ ಗೊತ್ತು. ಬಸ್ಸಿನಲ್ಲಿ ಪಕ್ಕದವನ ಬಾಯಿ ಬೀಡಿ ನಾತ ಹೊಡೆದರೆ ಎದ್ದು ನಿಂತು ಪ್ರಯಾಣ ಮಾಡುತ್ತಿದ್ದ. ನಮ್ಮ ಗೊಬ್ಬರದ ಕೋಣೆಯ ಹಿಂದೆ ಕಾಂಪೌಂಡು ಗೋಡೆ, ಒಬ್ಬ ಮನುಷ್ಯ ನಿಲ್ಲುವಷ್ಟೂ ಜಾಗವಿಲ್ಲ. ಸುಳ್ಳು ಹೇಳಿ ಅಭ್ಯಾಸವಿದ್ದವನಾಗಿದ್ದರೆ ಬೇರೆ ಜಾಗ ಹುಡುಕುತ್ತಿದ್ದ.

ಆ ಪತ್ರ ಓದಿದ ಕೂಡಲೇ ನನಗೆ ಅರ್ಥವಾಯಿತು. ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ನನ್ನನ್ನು ಕರೆಯುತ್ತಿದ್ದಾನೆ ಎಂದು. ಬಂದೆ. ಬಂದವಳು ಮೊದಲ ದಿನವೇ ಕ್ಷಮಿಸು ಎನ್ನಬೇಕೆಂದುಕೊಂಡಿದ್ದೆ. ಐದು ಗಂಟೆಗೆ ಎಲೆ ಉಜ್ಜಿಕೊಂಡು ಅವನ ಕಾಲ ಬಳಿ ಕೂತೆ. "ಅಣ್ಣಾ, ಆವತ್ತು ನಾನು" ಎಂದೆ. "ಬೀಡಿ ವಿಷಯಾನಾ? ಬಿಟ್ಟುಬಿಡೆ, ಈಗ ಬೈದು ಏನು ಬಂತು" ಎಂದ. ಮೂರು ದಿನ ಬಿಟ್ಟು ಮತ್ತೆ ಶುರು ಮಾಡಿದೆ. "ಆ ಕಾಮಕಸ್ತೂರಿ ತೆನೆ ಚಿವುಟು, ಬೀಜ ಕಟ್ಟುತ್ತೆ" ಎಂದ. ಇನ್ನೊಂದು ಸಲ ಶುರು ಮಾಡಿದಾಗ ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವನ ಹಾಗೆ ನಟಿಸಿದ. ರೆಪ್ಪೆ ಅದುರುತ್ತಿತ್ತು.

ಆಮೇಲೆ ನಾನು ಪ್ರಯತ್ನ ಮಾಡಲಿಲ್ಲ. ತಪ್ಪಾಯಿತು ಎಂದರೆ ನೀನು ಬರೆದದ್ದು ಸುಳ್ಳು ಎಂದ ಹಾಗೆ. ಉಸಿರಿಗೆ ಒದ್ದಾಡುವವನು, ಮೂರು ದಿನ ಕೂತು, ನಡುಗುವ ಕೈಯಲ್ಲಿ ಬರೆದ ಸುಳ್ಳು ಅದು. ಅದನ್ನು ಅವನ ಕೈಯಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ಇಪ್ಪತ್ತೊಂದು ಸಂಜೆ ಅವನ ಕಾಲಿಗೆ ಎಲೆ ಉಜ್ಜಿದೆ. ಯಾರಾದರೂ ನೋಡಿದ್ದರೆ ಸೊಳ್ಳೆಗೆ ಉಜ್ಜುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. ನಾನು ಕಾಲು ಹಿಡಿದುಕೊಂಡಿದ್ದೆ ಅತ್ತಿಗೆ. ಅವನಿಗೆ ತಿಳಿದಿತ್ತೋ ಇಲ್ಲವೋ ಗೊತ್ತಿಲ್ಲ. ಒಮ್ಮೆ ಮಾತ್ರ, ಕೊನೆಯ ವಾರ, "ಸಾಕು ಬಿಡೆ, ಇವತ್ತು ಸೊಳ್ಳೆ ಇಲ್ಲ" ಎಂದ. ಸೊಳ್ಳೆ ಇತ್ತು. ನನ್ನ ಕತ್ತಿನ ಮೇಲೆಯೇ ಎರಡು ಕೂತಿದ್ದವು.

ಅವನು ಹೋದ ಬೆಳಿಗ್ಗೆ ನಾನು ಹೊರಗೆ ಕುಂಡಗಳಿಗೆ ನೀರು ಹಾಕುತ್ತಿದ್ದೆ. ನೀವು ಕೂಗಿದ್ದು ಕೇಳಿಸಿತು. ಪೈಪು ನಿಲ್ಲಿಸಿ ಬಂದೆ. ಯಾಕೆ ನಿಲ್ಲಿಸಿದೆನೋ. ಬಿಟ್ಟು ಓಡಿ ಬಂದಿದ್ದರೆ ಅರ್ಧ ನಿಮಿಷ ಮೊದಲು ಬಂದಿರುತ್ತಿದ್ದೆ.

ನಿಮ್ಮ ಹತ್ತಿರ ಒಂದೇ ಕೇಳಬೇಕು. ಅವನು ನನ್ನನ್ನು ಕ್ಷಮಿಸಿದ್ದನೇ? ನನ್ನ ಬಗ್ಗೆ ನಿಮ್ಮ ಹತ್ತಿರ ಏನಾದರೂ ಹೇಳಿದ್ದನೇ? ಒಳ್ಳೆಯದೋ ಕೆಟ್ಟದ್ದೋ, ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ನನಗೆ ಇನ್ನೊಂದು ಸುಳ್ಳು ಬೇಡ. ಮತ್ತೆ, ನೀವು?

ನಿಮ್ಮ ನಾದಿನಿ


ಜೂನ್ 4

ನಾದಿನಿಗೆ,

ಪತ್ರ ಬಂದು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಯಾರಾದರೂ ಅಳತೆ ಕೊಡಲು ಬರುತ್ತಾರೆ. ಇವತ್ತು ಅಂಗಡಿ ಬಾಗಿಲು ಹಾಕಿ ಬರೆಯುತ್ತಿದ್ದೇನೆ.

ಇದ್ದದ್ದನ್ನು ಇದ್ದ ಹಾಗೆ ಕೇಳಿದ್ದೀಯ. ಕೇಳು. ಬೀಡಿಯ ಆ ಕಾಗದವನ್ನು ಅವರು ಮಡಚಿ ನನ್ನ ಕೈಗೆ ಕೊಟ್ಟಾಗ ನಾನು ಓದಿದೆ. ನನ್ನ ಮೈಯೆಲ್ಲ ಉರಿದುಹೋಯಿತು. "ಇದೇನು ಬರೆದಿದ್ದೀರಿ? ಬೀಡಿ ಅಂತೆ! ಅವಳಿಗೆ ಯಾಕೆ ಇಷ್ಟು ಸುಲಭ ಮಾಡಿಕೊಡ್ತೀರಿ? ನಿಜ ಬರೀರಿ, ಒಂದು ಸಲವಾದ್ರೂ ಅವಳು ಹೊಟ್ಟೆ ಸಂಕಟ ಅನುಭವಿಸಲಿ" ಎಂದೆ. ಅವರು ತುಂಬ ಹೊತ್ತು ಸುಧಾರಿಸಿಕೊಂಡು ಹೇಳಿದರು, "ನಿಜ ಬರೆದ್ರೆ ಬರಲ್ಲ ಅವಳು. ನನಗೆ ನಿಜ ಬೇಡ ಕಣೆ, ತಂಗಿ ಬೇಕು."

ಅಷ್ಟೇ. ಕ್ಷಮೆ ಎಂಬ ಮಾತನ್ನು ಅವರು ಆಡಲಿಲ್ಲ. ಅದನ್ನು ಕ್ಷಮೆ ಎಂದುಕೊಳ್ಳುವುದಾದರೆ ಎಂದುಕೋ. ನಾನಾದರೆ ಎಂದುಕೊಳ್ಳುತ್ತಿದ್ದೆ.

ನೀವು ಎಂದು ಕೇಳಿದ್ದೀಯಲ್ಲ, ನಾನು ಕ್ಷಮಿಸಿಲ್ಲ. ನಿನ್ನ ಪತ್ರ ಓದಿ ಕಣ್ಣೀರು ಹಾಕಿದೆ, ನಿನಗೆ ಮನೆಯಿಂದ ಬುತ್ತಿ ಕಟ್ಟಿಕೊಟ್ಟು ಬಸ್ಸು ಹತ್ತಿಸಿದೆ, ಆದರೂ ಕ್ಷಮಿಸಿಲ್ಲ. ಬೆಳಿಗ್ಗೆ ಎದ್ದು ಕಲ್ಲುಹಾಸಿನ ಮೇಲೆ ಖಾಲಿ ಕುರ್ಚಿ ನೋಡಿದಾಗ ನಿನ್ನ ಮೇಲೆ ಕೋಪ ಬರುತ್ತದೆ. ಅದನ್ನು ಅಲ್ಲಿಂದ ಎತ್ತಲು ಹೋಗಿ ಎತ್ತದೆ ಬರುತ್ತೇನೆ.

ಇನ್ನೊಂದು ಮಾತಿದೆ. ಅದನ್ನು ನಾನು ಯಾರಿಗೂ ಹೇಳಿಲ್ಲ, ಇವರಿಗೂ ಹೇಳಲಿಲ್ಲ. ಹನ್ನೆರಡು ವರ್ಷ ಅವರ ಅಂಗಿ ಒಗೆದವಳು ನಾನು. ಬೆನ್ನಿನ ಕಡೆ ಡಬ್ಬ ಸೋರಿದ ಕಲೆ ಇರುತ್ತಿತ್ತು. ಬಕೆಟ್ಟಿನ ನೀರು ಬೆಳ್ಳಗಾಗುತ್ತಿತ್ತು. ಒಗೆದು ಮುಗಿಸುವಷ್ಟರಲ್ಲಿ ನನ್ನ ಕೈಯೇ ಉರಿಯುತ್ತಿತ್ತು. ಆ ಕಾಲಕ್ಕೆ ನನಗೆ ಅಂಗಡಿ ಇರಲಿಲ್ಲ, ಮನೆ ನಡೆಯುತ್ತಿದ್ದದ್ದೇ ನರ್ಸರಿಯಿಂದ. ಕೈಗೆ ಎಣ್ಣೆ ಸವರಿಕೊಂಡು ಸುಮ್ಮನಿದ್ದೆ. ಈ ಕೆಲಸ ಬಿಡಿ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ನೀನು ಒಂದು ದಿನ ಒಂದು ಮಾತು ಆಡಿದೆ. ನಾನು ಹನ್ನೆರಡು ವರ್ಷ ಒಂದು ಮಾತೂ ಆಡಲಿಲ್ಲ. ಯಾರದು ಹೆಚ್ಚು ಎಂದು ಯಾರನ್ನು ಕೇಳಲಿ?

ನಿನ್ನನ್ನು ಕ್ಷಮಿಸಿಬಿಟ್ಟರೆ ನನ್ನ ಸರದಿ ಬರುತ್ತದೆ. ಅದಕ್ಕೆ ನಾನಿನ್ನೂ ತಯಾರಾಗಿಲ್ಲ.

ನೀನು ಭಾನುವಾರ ಬಾ. ನಾನು ನಿನ್ನನ್ನು ಚೆನ್ನಾಗಿ ಬೈಯುತ್ತೇನೆ. ನೀನೂ ಬಾಯಿ ಮುಚ್ಚಿಕೊಂಡಿರಬೇಡ, ಆ ಅಂಗಿಗಳ ವಿಷಯ ತೆಗೆದು ನನ್ನನ್ನು ಬೈಯಿ. ಅದನ್ನು ಹೇಳಿ ನನ್ನನ್ನು ಬೈಯಬಲ್ಲವರು ಈ ಭೂಮಿಯ ಮೇಲೆ ಇನ್ನು ನೀನೊಬ್ಬಳೇ.

ಕಾಯುತ್ತಿರುತ್ತೇನೆ.
ನಿನ್ನ ಅತ್ತಿಗೆ